ಚಂದ್ರಿಯ ಬೆನ್ನು ಕಾಯ್ದ ಜಟ್ಟೆಪ್ಪ

ಜಟ್ಟೆಪ್ಪನನ್ನು ನಾನು ಮೊದಲು ಕಂಡ ದಿನ ಅವನು ನನಗೆ ನಮಸ್ಕಾರ ಮಾಡಲಿಲ್ಲ. ನನ್ನ ಚೀಲವನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ.

"ಇದರಾಗ ಏನೋ ಅದ, ಮಾಸ್ತರ್ರ."

"ಬಟ್ಟೆ ಕಣಯ್ಯ."

"ಅರಿಬಿ ಸಪ್ಪಳಾ ಮಾಡಂಗಿಲ್ರಿ."

ಅದು 1996ರ ದಸರಾ ರಜೆ. ಕುಕ್ ಟೌನಿನ ಹಳೆಯ ಬಂಗಲೆಯೊಂದರ ಹಿತ್ತಲಿನಲ್ಲಿ ಅಂಜನಮೂರ್ತಿಯವರು ಮೂರು ಕುದುರೆಗಳನ್ನು ಸಾಕಿಕೊಂಡಿದ್ದರು. ರಜೆಯ ದಿನಗಳಲ್ಲಿ ಆಸಕ್ತರನ್ನು ಕನಕಪುರದಾಚೆಯ ಕಾಡಿಗೆ ಕಳುಹಿಸುವುದು ಅವರ ವ್ಯವಹಾರ. ನಾವು ನಡೆಯಬೇಕು, ಸಾಮಾನನ್ನು ಕುದುರೆಗಳು ಹೊರಬೇಕು. ಹೇರು ಕಟ್ಟುವವನು, ಜೊತೆಗೆ ಬರುವವನು ಜಟ್ಟೆಪ್ಪ.

ನನ್ನ ಚೀಲದಿಂದ ಅವನು ಸ್ಟೀಲಿನ ಚೊಂಬು, ಇನ್ನೊಂದು ಜೊತೆ ಚಪ್ಪಲಿ, ಕೊಬ್ಬರಿ ಎಣ್ಣೆಯ ಡಬ್ಬಿ ತೆಗೆದು ಜಗುಲಿಯ ಮೇಲಿಟ್ಟ. ಕೊನೆಗೆ ಕೊಡೆ ಹೊರಬಂತು.

"ಅದು ಬೇಕಪ್ಪ, ಮಳೆ ಬಂದರೆ?"

"ಮಳಿ ಬಂದ್ರ ತೋಯ್ತೀರಿ, ಬಿಸಿಲು ಬಂದ್ರ ಒಣಗ್ತೀರಿ. ಕುದುರಿ ಛತ್ರಿ ಹಿಡೀತದೇನ್ರಿ?"

ನನ್ನ ಹಿಂದೆ ನಿಂತಿದ್ದ ಲಕ್ಷ್ಮಿದೇವಿಯವರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವರು ಹಲಸೂರಿನ ನಮ್ಮ ಶಾಲೆಯಲ್ಲೇ ಪಾಠ ಹೇಳುತ್ತಿದ್ದವರು. ಮೂರನೆಯವರು ಜೀವನ್ ಬಿಮಾ ನಗರದ ಗುಮಾಸ್ತ ಲಕ್ಷ್ಮಿಕಾಂತ. ಅವರ ಚೀಲದಿಂದ ದಿಂಬು, ಉಪ್ಪಿನಕಾಯಿಯ ಭರಣಿ, ಇಸ್ತ್ರಿ ಮಾಡಿದ ಪ್ಯಾಂಟುಗಳು ಹೊರಬಂದವು.

"ಅಡವಿಗೆ ಹೊಂಟೀರೋ, ಬೀಗರ ಮನಿಗೆ ಹೊಂಟೀರೋ?" ಎಂದ ಜಟ್ಟೆಪ್ಪ.

"ನೀನೇನು ಕಸ್ಟಮ್ಸ್ ಆಫೀಸರಾ? ಹೊರೋದು ಕುದುರೆ ತಾನೆ?" ಎಂದು ಲಕ್ಷ್ಮಿಕಾಂತ ಸಿಡುಕಿದರು.

ಉಳಿದದ್ದನ್ನು ಅವನು ತೂಗುತ್ತಿದ್ದ ರೀತಿ ವಿಚಿತ್ರವಾಗಿತ್ತು. ಬೇವಿನ ಕೊಂಬೆಗೆ ಒಂದು ಬಿದಿರಿನ ಗಳವನ್ನು ನಡುಮಧ್ಯದಲ್ಲಿ ಕಟ್ಟಿ, ಎರಡು ತುದಿಗೆ ಎರಡು ಚೀಲ ನೇತುಹಾಕುತ್ತಿದ್ದ. ಗಳ ಮಟ್ಟಸವಾಗಿ ನಿಂತರೆ ಆ ಎರಡು ಚೀಲಗಳು ಒಂದೇ ಕುದುರೆಯ ಎರಡು ಮಗ್ಗುಲಿಗೆ. ಚಂದ್ರಿ ಎಂಬ ಕಂದು ಬಣ್ಣದ ಹೆಣ್ಣುಕುದುರೆಗೆ ಲಕ್ಷ್ಮಿಕಾಂತರ ಚೀಲವೂ ಲಕ್ಷ್ಮಿದೇವಿಯವರ ಚೀಲವೂ ಜೋಡಿಯಾದವು. ಹೆಗಲ ಮೇಲೆ ನಾವೇ ಹೊರುವ ಜೋಳಿಗೆಯನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. "ಅದು ನಿಮ್ಮ ಬೆನ್ನು, ನಿಮ್ಮ ಹಣೇಬರ" ಎನ್ನುತ್ತಿದ್ದ.

ಹೊರಡುವ ಮುನ್ನ ಅಂಜನಮೂರ್ತಿಯವರು ಎಲ್ಲರ ಎದುರಿಗೇ ಹೇಳಿದರು: "ನೋಡು ಜಟ್ಟೆಪ್ಪ, ಹೋದ್ಸಲ ಬೂದು ಕುದುರೆ ಬೆನ್ನು ಸುಲ್ಕೊಂಡು ಬಂತು. ಈ ಸಲ ಚಂದ್ರಿಗೂ ಹಂಗೇ ಆಯ್ತೋ, ಅದನ್ನೂ ಮಾರ್ತೀನಿ, ನೀನೂ ಬೇರೆ ಕೆಲ್ಸ ನೋಡ್ಕೋ."

ಜಟ್ಟೆಪ್ಪ ಚಂದ್ರಿಯ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಆ ನೋಟಕ್ಕೆ ಕಾರಣವೇನೆಂದು ದಾರಿಯಲ್ಲಿ ತಿಳಿಯಿತು. ಅವನದು ಶಹಾಪುರದ ಕಡೆಯ ಕುರಿಗಾಹಿಗಳ ಮನೆತನ. ಕುರಿಗಳ ಹಿಂದೆ ಊರೂರು ಅಲೆಯುವಾಗ ಸಂಸಾರವೆಲ್ಲ ಒಂದೇ ಕುದುರೆಯ ಮೇಲೆ: ಪಾತ್ರೆ, ಕಂಬಳಿ, ಕೋಳಿ, ಆಗ ತಾನೇ ಹುಟ್ಟಿದ ಮರಿ. ಒಮ್ಮೆ ಅವನ ಚಿಕ್ಕಮ್ಮ ಯಾರಿಗೂ ಹೇಳದೆ ಒಂದು ಮಗ್ಗುಲಿನ ಗೋಣಿಯಲ್ಲಿ ಹಿತ್ತಾಳೆಯ ಕೊಡವನ್ನು ಬಚ್ಚಿಟ್ಟಳು. ಹೇರು ವಾಲಿ, ಬೆನ್ನು ಹುಣ್ಣಾಗಿ, ಕುದುರೆ ಕೈತಪ್ಪಿತು. ಆ ಬೇಸಿಗೆಯೆಲ್ಲ ಅವನ ಅವ್ವ ತಲೆಯ ಮೇಲೆ ಹೊರೆ ಹೊತ್ತಳು. ಅಂದಿನಿಂದ ಯಾರ ಚೀಲವನ್ನೂ ಅವನು ನಂಬಿದವನಲ್ಲ.

ಕಾಡಿನ ಅಂಚಿನಲ್ಲಿ ಕುದುರೆಗಳೊಡನೆ ಲಾರಿಯಿಳಿದು, ಹೇರು ಕಟ್ಟಿಸಿ, ನಡೆಯತೊಡಗಿದೆವು. ಮಧ್ಯಾಹ್ನದ ಹೊತ್ತಿಗೆ ಚಂದ್ರಿಯ ಹೇರು ಲಕ್ಷ್ಮಿಕಾಂತರ ಚೀಲದ ಕಡೆಗೆ ವಾಲಿತು. ಜಟ್ಟೆಪ್ಪ ಪಟ್ಟಿ ಬಿಗಿದ; ಮತ್ತೆ ವಾಲಿತು. ಸಂಜೆ ಹಳ್ಳದ ಬದಿಯಲ್ಲಿ ಜೀನು ಇಳಿಸಿದಾಗ ಅಂಗೈಯಗಲ ಕೂದಲು ಉಜ್ಜಿಹೋಗಿ ಚರ್ಮ ಕೆಂಪಾಗಿತ್ತು. ಅವನು ಬೆರಳು ತಾಗಿಸಿದರೆ ಚಂದ್ರಿಯ ಮೈಯೆಲ್ಲ ನಡುಗಿತು.

"ಯಾರೋ ಏನೋ ತುರುಕ್ಯಾರ" ಎಂದ. ಧ್ವನಿ ಏರಿಸಲಿಲ್ಲ. ಲಕ್ಷ್ಮಿಕಾಂತರ ಚೀಲವನ್ನು ಬಂಡೆಯ ಮೇಲೆ ಸುರಿದ. ಕಾಲುಚೀಲದೊಳಗೆ ಅಂಗೈಯಷ್ಟು ಉಪ್ಪಿನಕಾಯಿಯ ಪೊಟ್ಟಣ ಸಿಕ್ಕಿತು.

"ಕಳ್ಳತನ!" ಎಂದ ಜಟ್ಟೆಪ್ಪ.

"ಅಲ್ಲಯ್ಯ, ಒಂದು ಹಿಡಿ ಉಪ್ಪಿನಕಾಯಿಗೆ ಹೇರು ವಾಲುತ್ತೇನಯ್ಯ?" ಎಂದು ಲಕ್ಷ್ಮಿಕಾಂತ ಕೂಗಾಡಿದರು. "ಮೇಷ್ಟ್ರ ಚೀಲಾನೂ ನೋಡು, ಸಾಚಾ ಯಾರು ಅಂತ ಗೊತ್ತಾಗ್ಲಿ!"

ನನ್ನದನ್ನೂ ಸುರಿದದ್ದಾಯಿತು. ಅಂದಿನ ಊಟದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪೊಟ್ಟಣ ಬಚ್ಚಿಟ್ಟವರು ಬೇರೇನನ್ನೋ ಬಚ್ಚಿಟ್ಟು, ದಾರಿಯಲ್ಲಿ ಎಸೆದಿರಬೇಕೆಂದು ನಾನೆಣಿಸಿದೆ. ಜಟ್ಟೆಪ್ಪನೇ ಸರಿಯಾಗಿ ಕಟ್ಟದೆ ನಮ್ಮ ಮೇಲೆ ಹೊರಿಸುತ್ತಿದ್ದಾನೆಂದು ಲಕ್ಷ್ಮಿಕಾಂತ ನನ್ನ ಕಿವಿಯಲ್ಲಿ ಹೇಳಿದರು, ಅದೂ ಇರಬಹುದೆನಿಸಿತು.

ಬೆಳಗ್ಗೆ ಜಟ್ಟೆಪ್ಪ ಬಿದಿರೊಂದನ್ನು ಕಡಿದು ಕೊಂಬೆಗೆ ಕಟ್ಟಿ, ಆ ಎರಡು ಚೀಲಗಳನ್ನೂ ಮತ್ತೆ ನೇತುಹಾಕಿದ. ಲಕ್ಷ್ಮಿಕಾಂತರ ಚೀಲ ಸರ್ರನೆ ಕೆಳಗಿಳಿಯಿತು.

"ನೋಡ್ರಿ ಮಾಸ್ತರ್ರ, ನೋಡ್ರಿ!"

ಆಗ ಲಕ್ಷ್ಮಿದೇವಿಯವರು ಮೆಲ್ಲಗೆ ಎದ್ದು ಬಂದರು. "ಜಟ್ಟೆಪ್ಪ, ಅವರದು ಭಾರ ಆಗಿಲ್ಲಪ್ಪ. ನಂದು ಹಗುರ ಆಗಿದೆ."

ಹೆಗಲಿನ ಜೋಳಿಗೆಯನ್ನು ಬಿಚ್ಚಿ ತೋರಿಸಿದರು. ಒಳಗೆ ಅವರ ಕಂಬಳಿ, ಅವಲಕ್ಕಿಯ ಗಂಟು, ಬಟ್ಟೆಗಳು. ಲಾರಿಯಿಂದಿಳಿದ ಚಂದ್ರಿ ಏದುಸಿರು ಬಿಡುವುದನ್ನು ಕಂಡು ಮರುಗಿ, ಯಾರಿಗೂ ತಿಳಿಯದಂತೆ ತಮ್ಮ ಚೀಲವನ್ನು ಅರ್ಧ ಬರಿದುಮಾಡಿ, ದಿನವಿಡೀ ತಾವೇ ಹೊತ್ತು ನಡೆದಿದ್ದರು. "ಪಾಪ, ಅದಕ್ಕೆ ಸ್ವಲ್ಪ ಸುಖ ಆಗ್ಲಿ ಅಂತ..." ಎನ್ನುವಾಗ ಕಣ್ಣು ತುಂಬಿತು.

ಜಟ್ಟೆಪ್ಪ ಆ ಜೋಳಿಗೆಯನ್ನು ಕೈಯಲ್ಲೆತ್ತಿ ತೂಕ ನೋಡಿದ. ತುರುಕುವವರ ಮೇಲೆ ಅವನು ಜೀವಮಾನವಿಡೀ ಕಣ್ಣಿಟ್ಟಿದ್ದ. ತೆಗೆಯುವವರೂ ಇರುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಅಕ್ಕಾರ, ನನಗೊಂದ್ ಮಾತು ಹೇಳಬಾರದಿತ್ತೇನ್ರಿ?" ಎಂದನಷ್ಟೇ. ಲಕ್ಷ್ಮಿಕಾಂತರ ಚೀಲವನ್ನು ಇಳಿಸಿ, ಧೂಳು ಒರೆಸಿ, ಅವರ ಮುಂದಿಟ್ಟ. ಅವರು ಅದನ್ನು ತಮ್ಮ ಬೆನ್ನಿಗೇರಿಸಿದರು. ಉಳಿದ ದಾರಿಯಲ್ಲಿ ಚಂದ್ರಿ ಬರಿಮೈಯಲ್ಲಿ ನಡೆಯಿತು.

ನಮ್ಮನ್ನು ಮರಳಿ ಕರೆದೊಯ್ಯಲು ಲಾರಿಯೊಡನೆ ಬಂದ ಅಂಜನಮೂರ್ತಿಯವರು ಮೊದಲು ನೋಡಿದ್ದು ಚಂದ್ರಿಯ ಬೆನ್ನನ್ನೇ. ಲಕ್ಷ್ಮಿದೇವಿಯವರು ನಡೆದದ್ದನ್ನೆಲ್ಲ ಹೇಳಿದರು. ಅಂಜನಮೂರ್ತಿಯವರು ನಂಬಲಿಲ್ಲ.

"ಟೀಚರೇ, ಕುದುರೆ ಮೇಲೆ ಹೊರೆ ಹಾಕ್ದೆ ತಾನೇ ಹೊರೋರು ಯಾರಿದ್ದಾರೆ? ಇವನನ್ನ ಉಳಿಸೋಕೆ ಕಥೆ ಕಟ್ತಿದ್ದೀರ."

ಜಟ್ಟೆಪ್ಪ ಹಗ್ಗ ಹಿಡಿದು ನೆಲ ನೋಡುತ್ತಿದ್ದ. ಲಕ್ಷ್ಮಿಕಾಂತ ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದರು. "ಟೀಚರ್ ಹೇಳಿದ್ದು ನಿಜ ಸಾರ್. ಇವನನ್ನ ಉಳಿಸೋ ದರ್ದು ನನಗೇನ್ರೀ ಇದೆ? ಎಲ್ಲರ ಮುಂದೆ ನನ್ನನ್ನ ಕಳ್ಳ ಅಂದವನು ಇವನು!"

ಅಂಜನಮೂರ್ತಿಯವರು ನಾಲ್ವರ ಮುಖವನ್ನೂ ನೋಡಿ, "ಹತ್ಸು ಲಾರೀಗೆ" ಎಂದರು. ಚಂದ್ರಿಯೂ ಉಳಿಯಿತು, ಜಟ್ಟೆಪ್ಪನೂ ಉಳಿದ. ಗಾಯ ಮಾಗಿದ ಮೇಲೆ ಅಲ್ಲಿ ಬೆಳ್ಳಗಿನ ಕೂದಲು ಬಂತು.

ಕೆಲವು ವರ್ಷಗಳ ಅನಂತರ ಬಂಗಲೆಯನ್ನು ಕೆಡವಿದರು. ಹೇರು ಹೊರಲಾರದಷ್ಟು ಮುದಿಯಾಗಿದ್ದ ಚಂದ್ರಿಯನ್ನು ಅಂಜನಮೂರ್ತಿಯವರು ಜಟ್ಟೆಪ್ಪನಿಗೇ ಬಿಟ್ಟುಕೊಟ್ಟರು. ಈಗ ಅವನು ಕೆ.ಆರ್. ಪುರದ ಕೆರೆಯ ಕಡೆ ಬಾಡಿಗೆಯ ಕೋಣೆಯಲ್ಲಿದ್ದಾನೆ. ಪಕ್ಕದ ತಗಡಿನ ಚಪ್ಪರದಲ್ಲಿ ಚಂದ್ರಿ ಸುಮ್ಮನೆ ಮೇವು ತಿನ್ನುತ್ತದೆ. ಬೇರೆಯವರ ಕುದುರೆಗಳೊಡನೆ ಅವನು ಇಂದಿಗೂ ಕಾಡಿಗೆ ಹೋಗುತ್ತಾನೆ. ಚೀಲವನ್ನು ಕಿವಿಯ ಹತ್ತಿರ ಹಿಡಿದು "ಏನ್ ಇಟ್ಟೀರಿ?" ಎಂದು ಗದರಿಸಿ, ಗಳಕ್ಕೆ ತೂಗಿ, ಆಮೇಲೆ ದಬ್ಬಣ ತೆಗೆದುಕೊಂಡು ಚೀಲದ ಬಾಯಿಯನ್ನು ಹೊಲಿದುಬಿಡುತ್ತಾನೆ. ಹೊಲಿಯುತ್ತ ಹೊಲಿಯುತ್ತ ಜನರ ಜೋಳಿಗೆಗಳ ಕಡೆಗೂ ಒಂದು ಕಣ್ಣಿಟ್ಟಿರುತ್ತಾನೆ. ಮರುಗುವ ಸ್ವಭಾವದವರಂತೆ ಕಂಡವರನ್ನು ಎರಡು ಸಲ ನೋಡುತ್ತಾನೆ.