ಬೀಗ ಹಾಕಿದ ಮೇಲೆ ಹೊರಬಿದ್ದ ಮಾತು

ಇದು ನಡೆದದ್ದು ಹೋದ ವರ್ಷ, ಗೌರಿ ಹಬ್ಬದ ಆಸುಪಾಸಿನಲ್ಲಿ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಾನು ಹೊನ್ನಾಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ಕಲಿಯಲು ಬಂದವರು ಮಷೀನು ತುಳಿಯುತ್ತ ಸೋಬಾನೆ ಪದ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು. ಬಿಡುವಾದಾಗ ಊರೂರಿಗೆ ಹೋಗಿ ಅಜ್ಜಿಯರ ಬಾಯಲ್ಲಿ ಪದ ಹೇಳಿಸಿ ಫೋನಿನಲ್ಲಿ ಹಿಡಿದು ತರತೊಡಗಿದೆ. ಚನ್ನಗಿರಿಯಲ್ಲಿ ಮಂಜುಳಾ ಅಂತ ನನ್ನ ಗೆಳತಿ ಇದ್ದಾಳೆ, ಶಾಲೆಯಲ್ಲಿ ಟೀಚರ್. ಫೈಲ್ ಹಂಚಿಕೊಳ್ಳುವ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳಿಕೊಟ್ಟವಳು ಅವಳೇ. ನಮ್ಮ ಕಂಪ್ಯೂಟರಿನ ಒಂದು ಫೋಲ್ಡರನ್ನು ನಾವು ತೆರೆದಿಟ್ಟರೆ, ಅದೇ ಸಾಫ್ಟ್‌ವೇರ್ ಇರುವವರು ಯಾವ ಊರಿನಲ್ಲಿದ್ದರೂ ನೇರವಾಗಿ ನಮ್ಮಲ್ಲಿಂದಲೇ ಇಳಿಸಿಕೊಳ್ಳಬಹುದು.

ನಾನು ಎರಡು ಫೋಲ್ಡರ್ ಮಾಡಿಕೊಂಡಿದ್ದೆ. ಕತ್ತರಿಸಿ ಚೊಕ್ಕ ಮಾಡಿದ ಪದಗಳು ಒಂದರಲ್ಲಿ. ಅದನ್ನಷ್ಟೇ ತೆರೆದಿಡುತ್ತಿದ್ದೆ. ಅಜ್ಜಿಯರ ಕೆಮ್ಮು, ನಗು, ಸಂಸಾರದ ಮಾತು ಎಲ್ಲ ಸೇರಿಕೊಂಡ ಹಸಿ ರೆಕಾರ್ಡಿಂಗ್ ಇನ್ನೊಂದರಲ್ಲಿ. ಅದು ನನಗೆ ಮಾತ್ರ.

ನಮ್ಮ ಯಜಮಾನರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ನೋಡುವುದು ಅವರ ಅಭ್ಯಾಸ. ಒಂದು ದಿನ ಊಟಕ್ಕೆ ಬಂದವರು ಕೈ ತೊಳೆಯದೆ ಕಂಪ್ಯೂಟರ್ ಮುಂದೆ ಕೂತರು.

"ಲೇ, ನೀನು ಫೈಲ್ ಹಂಚ್ತೀಯಲ್ಲ, ನಮ್ಮ ಕಂಪ್ಯೂಟರಿನ ವಿಳಾಸ, ಐಪಿ ಅಡ್ರೆಸ್ಸು, ಲೋಕಕ್ಕೆಲ್ಲ ಕಾಣ್ತೈತೆ. ಯಾರ್ ಯಾರೋ ನೋಡ್ತಾ ಕುಂತಿರ್ತಾರೆ."

"ನೋಡಲಿ ಬಿಡ್ರಿ. ಬೀಗರ ಹಾಡು ಕೇಳಿ ಏನ್ ಮಾಡ್ತಾರೆ?"

"ನಿಂಗೆ ಗೊತ್ತಾಗಲ್ಲ ಸುಮ್ಕಿರು. ಫೈರ್‌ವಾಲ್ ಹಾಕ್ಬೇಕು, ಬ್ಲಾಕ್‌ಲಿಸ್ಟ್ ಹಾಕ್ಬೇಕು."

ಹಾಕಿದರು. ಫೈರ್‌ವಾಲ್ ಎಂಬ ಕಾವಲುಗಾರ ಬಂದ ಕೂಡಲೇ ನಮ್ಮ ಪ್ರಿಂಟರ್ ಸತ್ತಂತಾಯಿತು. ಬ್ಲೌಸಿನ ಡಿಸೈನ್ ತೆರೆಯಲು ಹೋದರೆ ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಬ್ಲಾಕ್‌ಲಿಸ್ಟ್ ಇನ್ನೂ ದೊಡ್ಡ ತಲೆನೋವು. ಇಂಥಿಂಥ ವಿಳಾಸದವರು ನಮ್ಮ ಕಂಪ್ಯೂಟರ್ ಮುಟ್ಟಬಾರದು ಅಂತ ಯಾರೋ ಎಲ್ಲೋ ಕೂತು ಮಾಡಿಟ್ಟ ಪಟ್ಟಿ ಅದು. ಮಂಜುಳಾಳ ಫೋನ್ ಕಂಪನಿಯ ವಿಳಾಸಗಳೆಲ್ಲ ಸಾರಾಸಗಟಾಗಿ ಅದರಲ್ಲಿ ಸೇರಿಹೋಗಿದ್ದವು.

"ಏನೇ, ನನ್ನ ಬಾಗಿಲಾಚೆ ನಿಲ್ಸಿಬಿಟ್ಟೆಯಲ್ಲ?" ಎಂದು ಅವಳು ಫೋನ್ ಮಾಡಿ ರೇಗಿದಳು.

ನಾನು ಯಜಮಾನರ ಮೇಲೆ ರೇಗಿದೆ. ಅವರು ಆ ಸಾಫ್ಟ್‌ವೇರನ್ನೇ ತೆಗೆದುಹಾಕಿ, ಹೊಸದಾಗಿ ಹಾಕಿ, ಏನೇನೋ ಒತ್ತಿ, "ಈಗ ನಮ್ಮೋರಿಗೆ ದಾರಿ ಐತೆ, ಕಳ್ಳರಿಗಿಲ್ಲ" ಅಂದರು. ಮಂಜುಳಾಳಿಗೂ ಪದಗಳು ಸಿಕ್ಕವು. ಅಂತೂ ಮುಗಿಯಿತಲ್ಲ ಎಂದು ನಾನು ನನ್ನ ಹೊಲಿಗೆಗೆ ಮರಳಿದೆ. ಹೊಸದಾಗಿ ಹಾಕುವಾಗ ಇವರು ಹಸಿ ರೆಕಾರ್ಡಿಂಗಿನ ಫೋಲ್ಡರನ್ನೂ ಸೇರಿಸಿ ತೆರೆದಿಟ್ಟಿದ್ದಾರೆಂದು ನನಗೆ ಕನಸಾದರೂ ಬೀಳಬೇಕಿತ್ತಲ್ಲ!

ಸಾಸ್ವೆಹಳ್ಳಿಯ ಹಾಲಮ್ಮಜ್ಜಿಯ ವಿಷಯ ಇಲ್ಲಿ ಹೇಳಬೇಕು. ಅಷ್ಟು ಪದ ಬಲ್ಲವರನ್ನು ನಾನು ಕಂಡಿಲ್ಲ. ಅವರ ಸೊಸೆ ರೇಣುಕಾ ನನ್ನ ಹತ್ತಿರ ಹೊಲಿಗೆ ಕಲಿತವಳು, ಅತ್ತೆಯನ್ನು ಪರಿಚಯ ಮಾಡಿಸಿದವಳು. ರೇಣುಕಾಳ ತವರು ಜಗಳೂರು. ಅವಳ ಅಣ್ಣ ತಿಪ್ಪೇಶ ಅಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾನೆ. "ನಮ್ಮಣ್ಣಂಗೂ ಪದ ಕೊಡ್ರಿ ಅಕ್ಕ, ಮದುವೆ ಮನೇಲಿ ಹಾಕ್ತಾನೆ" ಎಂದು ರೇಣುಕಾ ಕೇಳಿದ್ದಕ್ಕೆ ಅವನಿಗೂ ಆ ಸಾಫ್ಟ್‌ವೇರ್ ಹಾಕಿಕೊಳ್ಳುವುದನ್ನು ನಾನೇ ಹೇಳಿಕೊಟ್ಟಿದ್ದೆ.

ಹಬ್ಬದ ಮುಂಚೆ ತಿಪ್ಪೇಶನ ಮನೆಯಲ್ಲಿ ಅವನ ಹೆಂಡತಿಯ ಸೀಮಂತ ಇತ್ತು. ರೇಣುಕಾ ಹುಷಾರಿಲ್ಲವೆಂದು ಹೋಗಿರಲಿಲ್ಲ. ತಂಗಿಯ ಅತ್ತೆ ಹೇಳಿದ ಪದಗಳೆಂದು ತಿಪ್ಪೇಶ ಹೆಮ್ಮೆಯಿಂದ ಹಾಲಮ್ಮಜ್ಜಿಯ ಹೆಸರಿದ್ದ ಫೈಲ್‌ಗಳನ್ನೆಲ್ಲ ಇಳಿಸಿಕೊಂಡು ಚಪ್ಪರದಲ್ಲಿ ಹಾಕಿದ. ಆರತಿಯ ಪದ ಮುಗಿಯಿತು. ಜನ ಬಸುರಿಗೆ ಬಳೆ ತೊಡಿಸುತ್ತಿದ್ದರು. ಆಗ ಸ್ಪೀಕರಿನಲ್ಲಿ ಹಾಲಮ್ಮಜ್ಜಿಯ ಮಾತು ಶುರುವಾಯಿತಂತೆ.

"ನಮ್ ರೇಣುಕಂಗೆ ಗರ್ಭಚೀಲ ತೆಗ್ಸಿದ್ರು ಕಣವ್ವ. ರಕ್ತ ನಿಲ್ಲಲಿಲ್ಲ, ಏನ್ ಮಾಡಾಕಾಗ್ತೈತೆ? ಜೀವ ಉಳೀತಲ್ಲ, ಅಷ್ಟೇ ಸಾಕು. ತವರಿಗೆ ಹೇಳ್ಬ್ಯಾಡ ಅಂದಾಳೆ. ಇರೋದು ಒಂದೇ ಹೆಣ್ಣು ಕೂಸು, ಅವ್ರವ್ವ ಗಂಡು ಮೊಮ್ಮಗ ಬೇಕು ಅಂತ ಸೋಮವಾರ ಒಪ್ಪೊತ್ತು ಇರ್ತೈತೆ ಪಾಪ."

ಆ ಅವ್ವ ಅಲ್ಲೇ, ಆರತಿ ತಟ್ಟೆ ಹಿಡಿದು ನಿಂತಿದ್ದರು.

ಮಾರನೆಯ ಬೆಳಿಗ್ಗೆ ಫೋನು ಮಾಡಿದವಳು ರೇಣುಕಾ. "ಅಕ್ಕ, ಏನ್ ಮಾಡಿದ್ರಿ ನೀವು?" ಎಂದು ಒಂದೇ ಮಾತು ಕೇಳಿ ಇಟ್ಟುಬಿಟ್ಟಳು. ತಿಪ್ಪೇಶನಿಗೆ ಫೋನ್ ಮಾಡಿದಾಗ ಎಲ್ಲ ಗೊತ್ತಾಯಿತು. ಕಂಪ್ಯೂಟರ್ ತೆರೆದು ನೋಡಿದರೆ, ಹಸಿ ರೆಕಾರ್ಡಿಂಗುಗಳೆಲ್ಲ ಸಂತೆಯಲ್ಲಿ ಹರಡಿಟ್ಟ ಹಾಗೆ ತೆರೆದುಕೊಂಡಿದ್ದವು. ಪಕ್ಕದಲ್ಲೇ ಹಸಿರು ಬಣ್ಣದಲ್ಲಿ "ನೀವು ಸುರಕ್ಷಿತವಾಗಿದ್ದೀರಿ" ಎಂಬ ಬರಹ. ಅದನ್ನು ನೋಡಿ ನನಗೆ ಕಂಪ್ಯೂಟರನ್ನೇ ಎತ್ತಿ ಅಂಗಳಕ್ಕೆ ಎಸೆಯಬೇಕೆನ್ನಿಸಿತು.

ಯಜಮಾನರನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಸಾಸ್ವೆಹಳ್ಳಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವರು "ಬ್ಲಾಕ್‌ಲಿಸ್ಟ್ ಸರಿಯಾಗೇ ಕೆಲಸ ಮಾಡ್ತಿತ್ತು" ಅನ್ನುತ್ತಲೇ ಇದ್ದರು. ಬಸ್ಸಿನಲ್ಲಿ ಜನ ಇದ್ದರೆಂದು ಸುಮ್ಮನಿದ್ದೆ.

ನಾವು ಹೋಗುವಷ್ಟರಲ್ಲಿ ಜಗಳೂರಿನಿಂದ ತಿಪ್ಪೇಶ, ಅವನ ತಾಯಿ ಬಂದಾಗಿತ್ತು. ನಡುಮನೆಯಲ್ಲಿ ಆ ತಾಯಿ ಗೋಡೆಗೆ ಒರಗಿ ಕೂತಿದ್ದರು. "ಹೆತ್ತವಳಿಗೆ ಹೇಳ್ದಂಗೆ ಮಗಳ ಹೊಟ್ಟೆ ಕೊಯ್ಸೀರಿ. ಮೈಕಿನಾಗೆ ಕೇಳ್ಬೇಕಾ ನಾನು?" ಎಂದು ಬೀಗತಿಯನ್ನು ಕೇಳುತ್ತಿದ್ದರು. ಹಾಲಮ್ಮಜ್ಜಿ ನನ್ನ ಕಡೆ ತಿರುಗಿದರು.

"ನಾನು ನಿಂಗೆ ಹೇಳಿದ್ದು ಕಣವ್ವ. ಪೆಟ್ಟಿಗೆಗೆ ಹೇಳಿದ್ದಲ್ಲ."

ಇಂಥ ಹೊತ್ತಿನಲ್ಲಿ ನಮ್ಮ ಯಜಮಾನರು ಮುಂದೆ ಬಂದು ಶುರು ಮಾಡಿದರು.

"ಅಜ್ಜಿ, ಹೆದರ್ಬ್ಯಾಡ್ರಿ. ಹೊರದೇಶದೋರು ಯಾರೂ ತಗಳ್ದಂಗೆ ನಾನು ಫೈರ್‌ವಾಲ್ ಹಾಕೀನಿ. ಲಕ್ಷಾಂತರ ಅಡ್ರೆಸ್ಸು ಬಂದ್ ಮಾಡೀನಿ."

"ರೀ, ಬಾಯಿ ಮುಚ್ಚಿಕೊಂಡು ಕೂತ್ಕೊಳ್ರಿ!" ಎಂದೆ. ಮದುವೆಯಾದಂದಿನಿಂದ ಬೇರೆಯವರ ಎದುರು ಅವರಿಗೆ ಹಾಗೆ ಅಂದವಳಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೇಣುಕಾ ಆಗ ಮಾತಾಡಿದಳು. ಅಳುತ್ತಿರಲಿಲ್ಲ. "ಹೊರದೇಶದೋರು ಕೇಳಿದ್ರೆ ನಂಗೇನಾಗ್ತಿತ್ತು ಅಣ್ಣಾರೆ? ಅವ್ರಿಗೆ ಕನ್ನಡ ಬರಲ್ಲ. ನಮ್ಮವ್ವಂಗೆ ಗೊತ್ತಾಗ್ಬಾರದಿತ್ತು, ಅಷ್ಟೇ."

ಆ ತಾಯಿ ಎದ್ದು ಅಡುಗೆಮನೆಗೆ ಹೋದರು. ಒಳಗೆ ತಾಯಿ ಮಗಳು ಇಬ್ಬರೂ ಅಳುವುದು ಕೇಳಿಸಿತು. "ಒಬ್ಬಳೇ ಹೆಂಗೆ ತಡ್ಕಂಡೆ?" ಎಂದು ತಾಯಿ ಕೇಳುತ್ತಿದ್ದರು. ತಿಪ್ಪೇಶ ನನ್ನ ಮುಖ ನೋಡಲಾರದೆ, ಹಾಕಿದವನು ತಾನೇ ಎಂಬ ಸಂಕಟಕ್ಕೆ, ಜಗಲಿಗೆ ಹೋಗಿ ಕೂತ. ತಾಯಿ ಆ ದಿನ ಜಗಳೂರಿಗೆ ವಾಪಸ್ಸು ಹೋಗಲಿಲ್ಲ. ಹಬ್ಬ ಕಳೆಯುವವರೆಗೂ ಮಗಳ ಜೊತೆಯಲ್ಲೇ ಇದ್ದು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರಂತೆ. ಸೋಮವಾರದ ಒಪ್ಪೊತ್ತು ಬಿಟ್ಟರಂತೆ. ಒಳ್ಳೆಯದೇ ಆಯಿತಲ್ಲ ಎಂದು ನಮ್ಮ ಯಜಮಾನರು ಒಮ್ಮೆ ಅಂದರು. ನಾನು ಅವತ್ತು ಅವರಿಗೆ ಊಟ ಬಡಿಸಲಿಲ್ಲ, ತಾವೇ ಹಾಕಿಕೊಂಡರು. ಆ ಮಾತನ್ನು ಹೇಳುವ ಹಕ್ಕು ಇದ್ದದ್ದು ರೇಣುಕಾಳಿಗೆ. ಯಾವಾಗ ಹೇಳಬೇಕು, ಹೇಗೆ ಹೇಳಬೇಕು, ಹೇಳಬೇಕೋ ಬೇಡವೋ, ಎಲ್ಲ ಅವಳಿಗೆ ಬಿಟ್ಟದ್ದಾಗಿತ್ತು.

ಆ ಸಾಫ್ಟ್‌ವೇರನ್ನು ತೆಗೆಸಿದೆ. ಹಸಿ ರೆಕಾರ್ಡಿಂಗಿನಲ್ಲಿ ಪದ ಉಳಿಸಿಕೊಂಡು ಮಾತನ್ನೆಲ್ಲ ಅಳಿಸಿದೆ. ತಿಪ್ಪೇಶನೂ ತನ್ನಲ್ಲಿದ್ದದ್ದನ್ನು ಅಳಿಸಿದ. ಮಂಜುಳಾ ಅದನ್ನು ಇಳಿಸಿಕೊಂಡೇ ಇರಲಿಲ್ಲ.

ಯುಗಾದಿಯ ಹೊತ್ತಿಗೆ ರೇಣುಕಾ ಬ್ಲೌಸ್ ಬಟ್ಟೆ ಹಿಡಿದು ಮತ್ತೆ ನಮ್ಮ ಮನೆಗೆ ಬಂದಳು. ಅಳತೆ ಕೊಡುತ್ತ, ಏನೂ ಆಗಿಲ್ಲವೆಂಬಂತೆ ತನ್ನ ಮಗಳ ಶಾಲೆಯ ವಿಷಯ ಹೇಳಿದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ನಿಂತು, "ಅಕ್ಕ, ಅದು ಈಗ ಎಲ್ಲೂ ಇಲ್ಲ ತಾನೆ?" ಎಂದು ಕೇಳಿದಳು.

ಇಲ್ಲವೆಂದು ಹೇಳಬೇಕೆಂದು ಬಾಯಿ ತೆರೆದೆ. ಅದು ತೆರೆದಿದ್ದ ಅಷ್ಟು ದಿನಗಳಲ್ಲಿ ಇನ್ಯಾರು ಇಳಿಸಿಕೊಂಡರೋ ತಿಳಿಯುವ ದಾರಿಯೇ ನನಗಿರಲಿಲ್ಲ.

"ಗೊತ್ತಿಲ್ಲ ರೇಣುಕಾ" ಎಂದೆ.

ಅವಳು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವಳಿಗೆ ಸುಳ್ಳು ಹೇಳಲಿಲ್ಲ ಎಂಬುದೊಂದೇ ನನಗೆ ಉಳಿದಿರುವ ಸಮಾಧಾನ. ಅದು ಅವಳಿಗೆ ಯಾವ ಉಪಯೋಗಕ್ಕೂ ಬರುವಂಥದ್ದಲ್ಲ.