ಒಂದು ಮೊಳದ ಬೆಳಕು

ನಾನು ನಿಂತಿದ್ದದ್ದು ನಮ್ಮ ಕಟ್ಟಡದ ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದು ಕೈ ಗೋಡೆಯ ಮೇಲೆ. ನಾನು ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ವರ್ಷದ ಜುಲೈ, ಆಫೀಸಿನಿಂದ ಮರಳುವ ಹೊತ್ತು. ಕರೆಂಟು ಹೋಗಿತ್ತು. ನಮ್ಮ ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಒಳಗಿನ ಕತ್ತಲೆಯಲ್ಲಿ ನನಗೆ ಮೊದಲು ಕಂಡದ್ದು ಒಂದು ಗಲ್ಲ. ಬಿಳಿ ಕುರುಚಲು ಗಡ್ಡ, ಅದರ ಮೇಲೆ ತುಟಿಗಳು, ಮೂಗಿನ ಹೊಳ್ಳೆಗಳು. ಕಣ್ಣಿರಬೇಕಾದ ಕಡೆ ಬರೀ ಕಪ್ಪು. ಯಾರೋ ಎದೆಗೆ ಆನಿಸಿ ಹಿಡಿದ ಟಾರ್ಚಿನ ಬೆಳಕು ಕೆಳಗಿನಿಂದ ಮೇಲಕ್ಕೆ ಬೀಳುತ್ತಿತ್ತು. ತುಟಿಗಳು ಆಡುತ್ತಿದ್ದವು, ಆದರೆ ಸದ್ದಿರಲಿಲ್ಲ.

ನಾನು ಹೆದರಿದೆ. ಹೆದರಿದ್ದು ಅವರಿಗೆ ತಿಳಿಯಿತು.

"ಭೂತ ಅಲ್ಲ ಮಾರಾಯ್ರೆ," ಎಂದರು, ಈಗ ದೊಡ್ಡ ಗಂಟಲಿನಲ್ಲಿ. "ಹೆಂಡತಿ ಹತ್ರ ಮಾತಾಡ್ತಾ ಇದ್ದೇನೆ. ಅವಳಿಗೆ ಕಿವಿ ಕೇಳುದಿಲ್ಲ."

ಉಡುಪಿ ಕಡೆಯಿಂದ ಹುಡುಗನಾಗಿ ಬಂದು ಸ್ಟೇಶನ್ ಎದುರಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವಯಸ್ಸು ಕಳೆದವರು ಅವರು. ಹೋಟೆಲಿನಲ್ಲೂ ಕಟ್ಟಡದಲ್ಲೂ ಎಲ್ಲರಿಗೂ ಅಣ್ಣ. ಮರಾಠಿಯವರಿಗೂ ಅಣ್ಣಾ. ಅವರ ಹೆಂಡತಿ ನಮಗೆಲ್ಲ ಅಕ್ಕ. ಮದುವೆಯಾಗಿ ಇಲ್ಲಿಗೆ ಬಂದ ಮೊದಮೊದಲ ವರ್ಷಗಳಲ್ಲೇ ಬಂದ ಒಂದು ಜ್ವರದಲ್ಲಿ ಅಕ್ಕನ ಕಿವಿ ಪೂರ್ತಿ ಹೋಯಿತಂತೆ. ಕಿವಿಗೆ ಮಿಷನ್ನು ಹಾಕಿದರೂ ಪ್ರಯೋಜನವಾಗಲಿಲ್ಲ. ಆಮೇಲೆ ಅವರು ಗಂಡನ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ತುಳುವಾದರೆ ಒಂದಕ್ಷರ ಬಿಡುತ್ತಿರಲಿಲ್ಲ. ಕನ್ನಡ, ನಿಧಾನವಾಗಿ ಆಡಿದರೆ ಆಗುತ್ತಿತ್ತು. ಮರಾಠಿಗೆ ತಲೆಯಾಡಿಸಿ ನಗುತ್ತಿದ್ದರು. ನನ್ನ ಧಾರವಾಡದ ಮಾತು ಅವರಿಗೆ ದೊಡ್ಡ ಕಾಟ. "ನಿಮ್ಮ ಬಾಯಿ ಫಾಸ್ಟ್ ಲೋಕಲ್ ಟ್ರೇನಿನ ಹಾಗೆ," ಎನ್ನುತ್ತಿದ್ದರು. "ಎಲ್ಲಿಯೂ ನಿಲ್ಲುದೇ ಇಲ್ಲ."

ಮನೆಯಲ್ಲಿ ಅಣ್ಣ ಸದ್ದು ಹೊರಡಿಸುತ್ತಿರಲಿಲ್ಲ. ತುಟಿ ಆಡಿಸಿದರೆ ಸಾಕಿತ್ತಲ್ಲ. ಹೋಟೆಲಿನಲ್ಲಿ ಕೂಗಿದ್ದೇ ಒಂದು ಜನ್ಮಕ್ಕಾಯಿತು ಎನ್ನುತ್ತಿದ್ದರು. ಹಾಗಾಗಿ ಗೋಡೆಯ ಈಚೆಗೆ ಕೇಳುತ್ತಿದ್ದದ್ದು ಅಕ್ಕನ ದನಿ ಮಾತ್ರ, ಏರಿಳಿತವಿಲ್ಲದ ದೊಡ್ಡ ದನಿ. ಹೊಸದಾಗಿ ಬಾಡಿಗೆಗೆ ಬಂದವರು, ಆ ಹೆಂಗಸು ಮೂಗ ಗಂಡನನ್ನು ದಿನವಿಡೀ ಬೈಯುತ್ತಾಳೆ ಎಂದೇ ತಿಳಿಯುತ್ತಿದ್ದರು. ಅಣ್ಣ ಅದನ್ನು ತಿದ್ದುತ್ತಿರಲಿಲ್ಲ. "ಇರ್ಲಿ ಬಿಡಿ. ನನಗೂ ಸ್ವಲ್ಪ ಮರ್ಯಾದೆ ಸಿಗ್ತದೆ, ಪಾಪದ ಮನುಷ್ಯ ಅಂತ."

ಅಣ್ಣನಿಗೊಂದು ಅಭ್ಯಾಸವಿತ್ತು. ಯಾರೊಡನೆ ಮಾತಾಡುವುದಿದ್ದರೂ ಮೊದಲು ಒಂದು ಹೆಜ್ಜೆ ಸರಿದು, ತಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲುತ್ತಿದ್ದರು. ಕಿಟಕಿಗೆ ಬೆನ್ನು ಕೊಟ್ಟು ಅವರು ಮಾತಾಡಿದ್ದನ್ನು ನಾನು ನೋಡಿಲ್ಲ. ನಾನು ಮೊಬೈಲು ನೋಡುತ್ತ ಉತ್ತರ ಕೊಟ್ಟರೆ ಅವರು ಸುಮ್ಮನೆ ಕಾಯುತ್ತಿದ್ದರು. ತಲೆ ಎತ್ತಿದ ಮೇಲೆ, "ಹಾಂ, ಈಗ ಹೇಳಿ. ಮುಖ ಕೊಟ್ಟು ಮಾತಾಡ್ಬೇಕು," ಎನ್ನುತ್ತಿದ್ದರು. ಗದರಿಕೆಯಲ್ಲ. ಊಟಕ್ಕೆ ಕೂತವರಿಗೆ ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಎನ್ನುವ ದನಿ.

ಕರೆಂಟು ಹೋದರೆ ಅವರ ಮನೆಯಲ್ಲಿ ಮಾತೇ ಹೋಗುತ್ತಿತ್ತು. ಅದಕ್ಕಾಗಿಯೇ ಆ ಟಾರ್ಚು. ಹಳೆಯದು, ಉಕ್ಕಿನದು, ದಪ್ಪ ಸೆಲ್ಲುಗಳದು. ಮೊಂಬತ್ತಿಯನ್ನೂ ಹಚ್ಚಿ ನೋಡಿದ್ದರಂತೆ. ಗಾಳಿಗೆ ಜ್ವಾಲೆ ಅಲುಗಿದಾಗ ತುಟಿಯೂ ಅಲುಗಿದಂತೆ ಕಂಡು, ಅಣ್ಣ ಆಡದ ಮಾತಿಗೂ ಅಕ್ಕ ಉತ್ತರ ಕೊಡುತ್ತಿದ್ದರಂತೆ. ಹೇಳುವಾಗ ಇಬ್ಬರೂ ನಗುತ್ತಿದ್ದರು.

ಆಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಭಾಗದಲ್ಲೆಲ್ಲ ನೀರು ತುಂಬಿತು. ಕರೆಂಟು ಹೋದದ್ದು ಮರುದಿನವೂ ಬರಲಿಲ್ಲ. ಉಕ್ಕಿನ ಟಾರ್ಚು ಮೊದಲ ಸಂಜೆಯೇ ಕೆಂಪಾಗಿ, ಮಂದವಾಗಿ, ಆರಿತು. ಕೆಳಗಿನ ಅಂಗಡಿಗಳೆಲ್ಲ ನೀರಿನಲ್ಲಿದ್ದವು. ಮೊಬೈಲುಗಳು ಸತ್ತಿದ್ದವು, ನಮ್ಮವೂ. ಎರಡನೆಯ ಸಂಜೆ ಕತ್ತಲಾಗುತ್ತಿದ್ದಂತೆ ಗೋಡೆಯ ಆಚೆಯಿಂದ ಅಕ್ಕನ ದನಿ ಶುರುವಾಯಿತು. "ಪಾತೆರ್ಲೆ." ಮಾತಾಡಿ, ಎಂದು. ಸ್ವಲ್ಪ ಬಿಟ್ಟು ಮತ್ತೆ ಅದೇ. ಅಣ್ಣ ಮಾತಾಡುತ್ತಲೇ ಇದ್ದರು. ಆ ಸಲ ಗಂಟಲು ತೆರೆದು, ಅಭ್ಯಾಸ ತಪ್ಪಿದವರಂತೆ, "ಉಲ್ಲೆ, ಉಲ್ಲೆ" ಎನ್ನುತ್ತಿದ್ದರು. ಇದ್ದೇನೆ, ಇದ್ದೇನೆ ಎಂದು. ನನಗೆ ಕೇಳಿಸುತ್ತಿತ್ತು. ನನ್ನ ಹೆಂಡತಿಗೆ ಕೇಳಿಸುತ್ತಿತ್ತು. ನಾವೆಲ್ಲ ಕಾಕು ಎನ್ನುವ ಕೆಳಗಿನ ಮನೆಯ ಮರಾಠಿ ಹೆಂಗಸಿಗೂ ಕೇಳಿಸುತ್ತಿತ್ತಂತೆ. ಕೇಳಬೇಕಾದವರಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಅಕ್ಕನ ಕೈ ಹಿಡಿದೇ ಕೂತಿದ್ದೆನೆಂದು ಅಣ್ಣ ಮರುದಿನ ಹೇಳಿದರು. "ಕೈಯಲ್ಲಿ ಎಷ್ಟು ಹೇಳ್ಲಿಕ್ಕೆ ಆಗ್ತದೆ ಹೇಳಿ. ಇದ್ದೇನೆ ಅಂತ ಹೇಳ್ಬಹುದು. ಅಷ್ಟೇ."

ನೀರಿಳಿದ ಭಾನುವಾರ ನನ್ನನ್ನು ಕರೆದುಕೊಂಡು ಟಾರ್ಚು ಕೊಳ್ಳಲು ಹೊರಟರು. ಸ್ಟೇಶನ್ ಹತ್ತಿರದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅಂಗಡಿಯವನು ಉದ್ದದ ಒಂದು ಟಾರ್ಚು ತೆಗೆದು ಎದುರಿನ ಕಟ್ಟಡದ ನೀರಿನ ಟಾಕಿಯ ಕಡೆ ಹಿಡಿದು ತೋರಿಸಿದ. "ದೋ ಸೌ ಮೀಟರ್ ಜಾಯೇಗಾ, ಅಣ್ಣಾ."

ಅಣ್ಣ ನನ್ನ ಕಡೆ ತಿರುಗಿದರು. "ಇನ್ನೂರು ಮೀಟರ್ ದೂರದಲ್ಲಿ ನನಗೆ ಯಾರ ಹತ್ರ ಮಾತಾಡ್ಲಿಕ್ಕೆ ಉಂಟು?" ಆಮೇಲೆ ಅವನಿಗೆ ಮೊಳಕೈಯಿಂದ ಬೆರಳ ತುದಿಯವರೆಗೆ ತೋರಿಸಿ, "ಮೇರೆ ಕೋ ಇತನಾ ಬಸ್," ಎಂದರು. ಒಂದು ಮೊಳ ಸಾಕು. ಕನ್ನಡಿ ಇದೆಯೇ ಎಂದು ಕೇಳಿದರು.

ಅಂಗಡಿಯವನು ನಗುತ್ತ ಗೋಡೆಯ ಕ್ಯಾಲೆಂಡರಿನ ಪಕ್ಕದಿಂದ ಕನ್ನಡಿ ಇಳಿಸಿ ಕೊಟ್ಟ. ಅಣ್ಣ ಒಳಗಿನ ಕತ್ತಲೆ ಮೂಲೆಗೆ ಹೋಗಿ, ಒಂದೊಂದೇ ಟಾರ್ಚನ್ನು ಎದೆಗೆ ಹಿಡಿದು, ಕನ್ನಡಿ ನೋಡುತ್ತ ಸದ್ದಿಲ್ಲದೆ ಮಾತಾಡಿದರು. ಗಿರಾಕಿಗಳು ನಿಂತು ನೋಡಿದರು. ಒಬ್ಬ ಹುಬ್ಬೇರಿಸಿ ನನ್ನನ್ನು ನೋಡಿದ.

"ಯಾಕ್ರಿ ಅಣ್ಣಾ, ಯಾವುದರ ಒಂದು ತೊಗೋರಿ. ಎಲ್ಲಾ ಬೆಳಕ ಒಂದಽ," ಎಂದೆ.

"ಒಂದೇ ಅಲ್ಲ ಮಾರಾಯ್ರೆ. ಇದರ ಬೆಳಕು ನಡುವೆ ಚುಕ್ಕೆ ಹಾಗೆ ನಿಲ್ತದೆ. ಮೇಲಿನ ತುಟಿ ಕಂಡ್ರೆ ಕೆಳಗಿನದ್ದು ಇಲ್ಲ. ಅರ್ಧ ಮಾತು ಅವಳಿಗೆ ಬರುದಿಲ್ಲ."

ಚಾರ್ಜ್ ಮಾಡುವಂಥದ್ದನ್ನು ಅವರು ಕೈಗೂ ತೆಗೆದುಕೊಳ್ಳಲಿಲ್ಲ. ಕರೆಂಟು ಇಲ್ಲದಾಗ ಬೇಕಾದದ್ದು, ಅದಕ್ಕೇ ಕರೆಂಟು ಬೇಕೆಂದರೆ ಹೇಗೆ? ಪಾನ್ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲು ಹಾಕುವಂಥದ್ದು ಬೇಕು. ಬೆಳಕು ಹೆಚ್ಚು ಕಡಿಮೆ ಮಾಡುವಂತಿರಬೇಕು, ಕಡಿಮೆ ಮಾಡಿದರೆ ಬಹಳ ದಿನ ಬರಬೇಕು. ಎದೆಯ ಜೇಬಿಗೆ ಸಿಕ್ಕಿಸಲು ಕ್ಲಿಪ್ಪು ಬೇಕು, ಯಾಕೆಂದರೆ ಅವರ ಕೈ ನಡುಗಲು ತೊಡಗಿತ್ತು. ಕೊನೆಗೆ ಬೆರಳುದ್ದದ ಎರಡು ಎಲ್‌ಇಡಿ ಟಾರ್ಚುಗಳು ಉಳಿದವು. ಒಂದರದು ಬಿಳಿ ಬೆಳಕು, ಒಂದರದು ತುಸು ಹಳದಿ. ಎರಡನ್ನೂ ಕೊಟ್ಟುಬಿಡು, ಒಂದನ್ನು ಸಂಜೆ ವಾಪಸು ತರುತ್ತೇನೆ ಎಂದರು. "ಪಾಸ್ ಮಾಡುವವರು ಮನೆಯಲ್ಲಿದ್ದಾರೆ."

ಹಗಲಲ್ಲೇ ಪರೀಕ್ಷೆ ನಡೆಯಿತು. ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿದೆವು. ಅಕ್ಕ ಮಂಚದ ಮೇಲೆ ಕೂತರು. ಅಣ್ಣ ಮೊದಲು ಬಿಳಿಯದನ್ನು ಹೊತ್ತಿಸಿ ಏನೋ ಆಡಿದರು.

"ಬೇಡ," ಎಂದರು ಅಕ್ಕ. ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು. "ಹಲ್ಲು ಮಾತ್ರ ಕಾಣ್ತದೆ. ಅದೂ ಕಟ್ಟಿಸಿದ ಹಲ್ಲು."

ಹಳದಿಯದನ್ನು ಹೊತ್ತಿಸಿದರು. ತುಟಿ ಆಡಿಸಿದರು. ಈ ಸಲ ಅಕ್ಕನ ಮುಖ ಕೆಂಪಾಯಿತು. ನನ್ನ ಕಡೆ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇದು ಆಗ್ತದೆ," ಎಂದರು. ಅಣ್ಣ ಏನು ಹೇಳಿದರೆಂದು ನಾನು ಕೇಳಲಿಲ್ಲ.

ಅಷ್ಟಕ್ಕೇ ಅಣ್ಣನಿಗೆ ಸಮಾಧಾನವಿಲ್ಲ. ಹೊಸ ಸೆಲ್ಲು ಹಾಕಿ, ಬೆಳಕು ತೀರ ಕಡಿಮೆ ಮಾಡಿ, ಎಷ್ಟು ದಿನ ಬರುತ್ತದೆ ನೋಡಲು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಹೊತ್ತಿಸಿಯೇ ಇಟ್ಟುಬಿಟ್ಟರು. ದಿನಾ ಬೆಳಿಗ್ಗೆ ನಾನು ಟ್ರೇನಿಗೆ ಓಡುವಾಗ ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದರು, ಮನೆಯಲ್ಲಿ ಕಾಯಿಲೆಯವರ ಸುದ್ದಿ ಹೇಳುವ ಹಾಗೆ. ಅದು ಆರಿದ ದಿನ, ಒಂದು ಮಳೆಗಾಲ ಕಳೆಯಲು ಎಷ್ಟು ಸೆಲ್ಲು ಬೇಕೆಂದು ಅಂದಾಜಿಸಿ, ತಂದು, ಅಕ್ಕಿಯ ಡಬ್ಬಿಯ ಮೇಲಿಟ್ಟರು.

ಕಳೆದ ಮಳೆಗಾಲದಲ್ಲಿ ಅಣ್ಣ ಹೋದರು. ಅದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಸಂಜೆ. ರಸ್ತೆಗೆ ನೀರು ಬಂದು ಕರೆಂಟು ಹೋಗಿತ್ತು. ಹೃದಯದ ತೊಂದರೆ ಅವರಿಗೆ ಮೊದಲೇ ಇತ್ತು, ಮಾತ್ರೆ ನುಂಗುತ್ತಿದ್ದರು. ಅಕ್ಕ ಕೂಗಿದ್ದು ಕೇಳಿ ನಾನು ಹೋದೆ. ಕೆಳಗಿನಿಂದ ಕಾಕು ಬಂದರು. ಆಂಬುಲೆನ್ಸಿಗೆ ಫೋನು ಮಾಡಿದೆ. ಹೊರಟಿದೆ, ಆದರೆ ನೀರಿನಲ್ಲಿ ನಿಂತಿದೆ ಎಂದರು. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ, ಕಾಕು ಬಾಗಿಲಲ್ಲಿ.

ಅವರು ಎದೆಯ ಜೇಬಿನ ಟಾರ್ಚಿಗೆ ಕೈ ಒಯ್ದರು. ಬೆರಳು ಗುಂಡಿಯನ್ನು ಒತ್ತಲಿಲ್ಲ. ಅಕ್ಕ ಅದನ್ನು ತೆಗೆದುಕೊಂಡು ಹೊತ್ತಿಸಿ, ಅವರ ಗಲ್ಲದ ಕೆಳಗೆ ಹಿಡಿದರು. ಅಕ್ಕನ ಕೈಯಲ್ಲಿ ಆ ಟಾರ್ಚನ್ನು ನಾನು ಕಂಡದ್ದು ಅದೇ ಮೊದಲು.

ಅಣ್ಣನ ತುಟಿ ಆಡಿತು. ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಕ್ಕ ಮುಂದೆ ಬಾಗಿ ನೋಡುತ್ತಿದ್ದರು. "ಆವು," ಎಂದರು. ಆಗಲಿ, ಎಂದು. ತುಟಿ ಮತ್ತೆ ಆಡಿತು. "ಆವು." ಆಮೇಲೆ ಒಂದು ಸಲ ತುಸು ರೇಗಿದಂತೆ, "ಅವು ಎಂಕ್ ಗೊತ್ತುಂಡು," ಎಂದರು. ಅದು ನನಗೆ ಗೊತ್ತುಂಟು ಎಂದಿರಬೇಕು. ಅಣ್ಣನ ಮುಖದಲ್ಲಿ ನಗುವಿನಂಥದ್ದು ಬಂತು. ನಾನು ಕಂಡೆ. ಆ ಮಾತುಕತೆಯಲ್ಲಿ ಕಿವಿಯಿದ್ದ ನಮ್ಮಿಬ್ಬರಿಗೆ ಸಿಕ್ಕಿದ್ದು ಅರ್ಧ. ಕಿವಿಯಿಲ್ಲದವರಿಗೆ ಪೂರ್ತಿ ಸಿಕ್ಕಿತು.

ತುಟಿ ನಿಂತಿತು. ಅಕ್ಕ ಬೆಳಕನ್ನು ಇನ್ನಷ್ಟು ಹತ್ತಿರ ಒಯ್ದು ಕಾದರು. ನಾನು ಮಣಿಕಟ್ಟು ಮುಟ್ಟಿ ನೋಡಿದೆ, ಮೂಗಿನ ಬಳಿ ಬೆರಳು ಹಿಡಿದೆ. ಕಾಕು ಗೋಡೆಗೆ ತಿರುಗಿದರು. ಅಕ್ಕನಿಗೆ ಏನೂ ಕೇಳಿಸುವುದಿಲ್ಲವಲ್ಲ. ಅವರು ಕತ್ತಲೆಯಲ್ಲಿ ನಮ್ಮಿಬ್ಬರ ಕಡೆ ನೋಡಿದರು. ಆಮೇಲೆ ಟಾರ್ಚನ್ನು ಎತ್ತಿ ನನ್ನ ಬಾಯಿಯ ಮೇಲೆ ಹಿಡಿದರು.

ನಾನು ಮುಖ ತಿರುಗಿಸಲಿಲ್ಲ. ತಿರುಗಿಸದೆ ನಿಲ್ಲುವುದನ್ನು ನನಗೆ ಕಲಿಸಿದವರು ಅಲ್ಲೇ ಮಲಗಿದ್ದರು. ಬೆಳಕಿಗೆ ಸರಿಯಾಗಿ ನಿಂತು, ಒಂದೊಂದೇ ಮಾತು ಬಿಡಿಸಿ, ಕನ್ನಡದಲ್ಲಿ ಹೇಳಿದೆ. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಇದನ್ನು ಕಂಡವರು ಇನ್ನಿಬ್ಬರಿದ್ದಾರೆ. ಕಾಕು ಕೆಳಗಿನ ಮನೆಯಲ್ಲೇ ಇದ್ದಾರೆ. ಅಕ್ಕ ನವಿ ಮುಂಬಯಿಯ ಕಾಮೋಠೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ, ಗಟ್ಟಿಯಾಗಿದ್ದಾರೆ. ನಾನು ಹೋದಾಗಲೆಲ್ಲ ಎದುರು ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸುತ್ತಾರೆ. ಆ ಸಂಜೆ ಅಣ್ಣ ಹೇಳಿದ್ದೆಲ್ಲ ಅವರೊಬ್ಬರಿಗೇ ಗೊತ್ತು.