ಎರಡು ಬಡಿತ ಮುಂಚೆ

ಬೆಳಗಿನ ಐದು ಗಂಟೆ. ಕಲಿಪ್ಸೊ ಹಾಡುಗಳ ದ್ವೀಪದಲ್ಲಿ, ಬೆಲ್ಮಾಂಟ್‌ನ ಇಳಿಜಾರು ಗಲ್ಲಿಯ ಮನೆಯೊಂದರಲ್ಲಿ ಇಸ್ಮೇ ಗಿಟೆನ್ಸ್ ಬಟ್ಟೆಯ ಬೀರುವಿನೊಳಗೆ ನಿಂತು ಹಾಡುತ್ತಿದ್ದಾರೆ. ಬೀರುವಿನ ಬಾಗಿಲು ಕಿತ್ತು, ಒಳಗೋಡೆಗೆ ಹಳೆಯ ಹಾಸಿಗೆ ಬಡಿದಿದ್ದಾರೆ. ಮೂಲೆಯಲ್ಲಿ ಯಾರದೋ ಮದುವೆಯ ಕೋಟು ಇನ್ನೂ ನೇತಾಡುತ್ತಿದೆ. ಮೂಗಿನ ಮುಂದೆ ಮೈಕು, ಕಿವಿಯಲ್ಲಿ ಟಕ್ ಟಕ್ ಎನ್ನುವ ಎಣಿಕೆ. ಆರು ಗಂಟೆಯಾದರೆ ಪಕ್ಕದ ಮನೆಯ ಹುಂಜ, ಟ್ಯಾಕ್ಸಿಗಳ ಹಾರ್ನ್, ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ. ಅದಕ್ಕೇ ಈ ಹೊತ್ತು.

"ಟ್ಯಾಂಟಿ, ಇನ್ನೊಂದ್ಸಲ," ಎನ್ನುತ್ತಾನೆ ಮಂಚದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹಾಡು ಮುದ್ರಿಸುತ್ತಿರುವ ಕೆರ್ವಿನ್ ರಾಮ್‌ಲಾಲ್. "ಚೆನ್ನಾಗಿ ಬಂತು. ಆದ್ರೆ ತಪ್ಪಾಯ್ತು."

"ಎಲ್ಲಿ ತಪ್ಪಿದೆನೋ?"

"ತಪ್ಪಲಿಲ್ಲ ನೀವು. ಅದೇ ತಪ್ಪು."

ಇಸ್ಮೇಗೆ ಅರವತ್ತು ದಾಟಿದೆ; ಗಲ್ಲಿಯ ಹುಡುಗರಿಗೆಲ್ಲ ಅವರು ಟ್ಯಾಂಟಿ, ಅಂದರೆ ಅತ್ತೆ. ದಿನಾ ಬೆಳಿಗ್ಗೆ ಗಲ್ಲಿಯ ತುದಿಯಲ್ಲಿ ಮೇಜು ಹಾಕಿ, ಬೇಕ್ ಎಂಬ ಹಿಟ್ಟಿನ ರೊಟ್ಟಿ ಬಿಸಿಬಿಸಿಯಾಗಿ ಕರಿದು, ಉಪ್ಪುಮೀನು ತುಂಬಿಸಿ ಕೊಡುತ್ತಾರೆ. ತಿನ್ನುವವರು ಕಾಯುತ್ತ ಗುನುಗುವ ಹಳೆಯ ಕಲಿಪ್ಸೊಗಳ ಹಿಮ್ಮೇಳದಲ್ಲಿ ಇಸ್ಮೇಯ ದನಿಯೇ ಇದೆ ಎಂಬುದು ಆ ಜನಕ್ಕೆ ಗೊತ್ತಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ಹಿಮ್ಮೇಳದ ಹುಡುಗಿಯರ ಹೆಸರು ಹಾಕುವ ರೂಢಿ ಆಗ ಇರಲಿಲ್ಲ.

ಆಗಿನ ಸ್ಟುಡಿಯೋ ಎಂದರೆ ಒಂದೇ ಕೋಣೆ. ಡ್ರಮ್ಮು, ಗಿಟಾರು, ಕಹಳೆಯವರು, ಮುಖ್ಯ ಗಾಯಕ, ಒಂದು ಮೈಕಿನ ಸುತ್ತ ಮೂವರು ಹುಡುಗಿಯರು. ದನಿ ಏರಿಸಿ ಇಳಿಸುವ ಗುಂಡಿಗಳು ಕಡಿಮೆ. ಮನುಷ್ಯರನ್ನೇ ಹಿಂದೆ ಮುಂದೆ ಸರಿಸುತ್ತಿದ್ದರು. ಸಣ್ಣ ಗಂಟಲಿನವಳು ಮೈಕಿನ ಹತ್ತಿರ, ದೊಡ್ಡ ಗಂಟಲಿನವಳು ಹಿಂದೆ.

"ನನ್ನನ್ನ ಬಾಗಿಲ ಹತ್ರ ನಿಲ್ಲಿಸ್ತಿದ್ರು," ಎನ್ನುತ್ತಾರೆ ಇಸ್ಮೇ. "ಇನ್ನೊಂಚೂರು ಜೋರಾಗಿದ್ದಿದ್ರೆ ಬೀದಿಗೇ ಕಳಿಸ್ತಿದ್ರು."

ಕಿವಿಯಲ್ಲಿ ಎಣಿಕೆ ಹೇಳುವ ಯಂತ್ರವಿರಲಿಲ್ಲ. ಕಹಳೆಯ ಆಲ್ವಿನ್ ವಾದ್ಯ ಎತ್ತಿ ತುಟಿಗಿಟ್ಟರೆ ಹಿಮ್ಮೇಳ ಶುರು, ಅಷ್ಟೇ ಸನ್ನೆ. ಒಂದು ದಿನ ಹಾಡುತ್ತಿದ್ದದ್ದು ದೋಣಿ ತಪ್ಪಿಸಿಕೊಂಡವನ ಹಾಡು. 'ನಿಲ್ಲೋ, ನಾನೂ ಬಂದೆ' ಎಂದು ಹುಡುಗಿಯರು ಕೂಗಬೇಕು. ಆಲ್ವಿನ್ ಕಹಳೆ ಎತ್ತಿದ. ಇಸ್ಮೇ ಹಾಡಿಯೇಬಿಟ್ಟರು, ಎರಡು ಬಡಿತ ಮುಂಚೆ, ಒಬ್ಬರೇ. ಉಳಿದಿಬ್ಬರು ಅವರ ಹಿಂದೆ ಓಡಿದರು. ಗಾಯಕನ ದನಿ ಅಷ್ಟು ಚೆನ್ನಾಗಿ ಬಂದದ್ದು ಆ ಸಲ ಮಾತ್ರ. ಕಹಳೆಯವರಿಗೆ ಸಂಜೆ ಬೇರೆ ಕಡೆ ಕಚೇರಿ, ಮತ್ತೆ ಹಾಡಿಸಲು ಹೊತ್ತಿಲ್ಲ. ತಪ್ಪು ಟೇಪಿನಲ್ಲೇ ಉಳಿಯಿತು.

"'ನಿಲ್ಲೋ ಅಂತ ಹಾಡ್ತೀಯ, ನಿನಗೇ ನಿಲ್ಲೋಕೆ ಬರಲ್ವಲ್ಲೇ' ಅಂದ ಬ್ಯಾಂಡಿನ ಯಜಮಾನ. ಮತ್ತೆ ಕರೀಲಿಲ್ಲ. ಬೇರೆಯವರೂ ನಿಧಾನಕ್ಕೆ ಕರೆಯೋದು ಬಿಟ್ರು." ಬೇಕ್ ಕರಿಯುವ ಬಾಣಲೆ ಒಲೆ ಏರಿದ್ದು ಆಮೇಲೆ. ಕಾರ್ನಿವಲ್ ಹಬ್ಬದಲ್ಲಿ ಹಾಡು ಹಾಕಿಕೊಂಡು ಹೋಗುವ ಲಾರಿಗಳ ಹಿಂದೆ ಕುಣಿಯುವ ಜನವೂ ಆ ಸಾಲಿನಲ್ಲೇ ಮುಂಚೆ ನುಗ್ಗಿ ಹಾಡತೊಡಗಿದರು. "ನನ್ನನ್ನ ಅಣಕಿಸ್ತಿದ್ದಾರೆ ಅಂತ ಕಾರ್ನಿವಲ್ ಬಂದ್ರೆ ಮನೆ ಸೇರ್ಕೊಳ್ತಿದ್ದೆ."

ಆ ಹಾಡನ್ನೇ ಕೆರ್ವಿನ್ ಈ ವರ್ಷದ ಕಾರ್ನಿವಲ್‌ಗೆ ಹೊಸದಾಗಿ ಮಾಡುತ್ತಿದ್ದಾನೆ. ಹಳೆಯ ದನಿಯೇ ಬೇಕೆಂದು ಹುಡುಕಿಕೊಂಡು ಬಂದಾಗ ಇಸ್ಮೇ ಒಪ್ಪಿದ್ದು ಒಂದೇ ಆಸೆಯಿಂದ: ಒಮ್ಮೆಯಾದರೂ ಅದನ್ನು ಸರಿಯಾಗಿ ಹಾಡಬೇಕು. ಈಗ ಸರಿಯಾಗಿ ಹಾಡಿದ್ದಾರೆ. ಹುಡುಗನಿಗೆ ಅದು ಬೇಡ.

"ಟ್ಯಾಂಟಿ, ಇಡೀ ಊರು ಅಲ್ಲಿ ಮುಂಚೆ ಬರುತ್ತೆ. ನೀವೊಬ್ರೇ ತಡವಾಗಿ ಬಂದ್ರೆ ಹೇಗೆ?"

ಅವನು ಪರದೆಯ ಮೇಲೆ ಅವರ ದನಿಯ ಪಟ್ಟಿಯನ್ನು ಬೆರಳಿನಿಂದ ಎಡಕ್ಕೆ ಜರುಗಿಸುತ್ತಾನೆ. ಎರಡು ಬಡಿತ ಮುಂಚೆ ಬಂತು. ಒಂದು ದನಿಯನ್ನು ಇಪ್ಪತ್ತು ಮಾಡಿ ಕೇಳಿಸುತ್ತಾನೆ. ಬೀರು ತುಂಬ ಹೆಂಗಸರು ನಿಂತು ಹಾಡಿದ ಹಾಗೆ. ಇಸ್ಮೇ ಹಣೆ ಚಚ್ಚಿಕೊಂಡು ನಗುತ್ತಾರೆ. "ಇಷ್ಟು ಜನ ಇದ್ರೂ ಒಬ್ಬಳೂ ಜಗಳ ಆಡ್ತಿಲ್ಲ ನೋಡು. ನಾವು ಮೂರೇ ಜನ ಇದ್ರೂ ಕೂದಲು ಹಿಡ್ಕೊಳ್ತಿದ್ವಿ. ಸಾಕು ಬಿಡಪ್ಪ, ಇದೇ ಇರ್ಲಿ."

ಈ ಸಲ ಒಪ್ಪದವನು ಕೆರ್ವಿನ್. "ಮುಂಚೆ ಬಂತು ಟ್ಯಾಂಟಿ. ನುಗ್ಗಲಿಲ್ಲ."

"ಯಾರ ಮುಖ ನೋಡ್ಕೊಂಡು ತಪ್ಪಲಿ? ಇಲ್ಲಿರೋದು ಒಂದು ಕೋಟು. ಆಗ ಆಲ್ವಿನ್ ಇದ್ದ."

ಆಲ್ವಿನ್ ಇರುವುದು ಎರಡು ಮನೆ ಕೆಳಗೆ. ಕೆರ್ವಿನ್ ಹೋಗಿ ಎಬ್ಬಿಸಿಕೊಂಡು ಬರುತ್ತಾನೆ. ಎಂಬತ್ತರ ಮುದುಕ, ಮಲಗುವ ಬಟ್ಟೆಯಲ್ಲೇ, ಕಂಕುಳಲ್ಲಿ ಕಹಳೆ.

"ಅವತ್ತು ನೀನು ಯಾಕೆ ಅಷ್ಟು ಬೇಗ ಎತ್ತಿದೆ?" ಇಸ್ಮೇ ಇದನ್ನು ಕೇಳುತ್ತಿರುವುದು ಇದೇ ಮೊದಲು.

"ನಿನಗೆ ಸನ್ನೆ ಕೊಡೋಕಲ್ಲಮ್ಮ. ಕೊಳವೆ ತುಂಬ ಉಗುಳು ಕಟ್ಟಿತ್ತು. ಬಾಯಿಗಿಟ್ಟು ಊದಿದ್ರೆ ತಾನೇ ಹೊರಗೆ ಹೋಗೋದು?"

"ಇಷ್ಟು ವರ್ಷ ನಿನ್ನ ಎಂಜಲಿಗೆ ನಾನು ಬೈಸ್ಕೊಂಡೆನಾ, ಮುದುಕಾ?"

"ನೀನು ಬೇಕಂತಲೇ ನುಗ್ಗಿದೆ ಅಂದ್ಕೊಂಡಿದ್ದೆ. ಆ ಹಾಡಲ್ಲಿ ನನಗೆ ಇಷ್ಟ ಆಗಿದ್ದು ಅದೊಂದೇ."

ಇಸ್ಮೇ ಬೀರುವಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ನಗು ಪೂರ್ತಿ ಇಳಿಯುವ ಮೊದಲೇ ಕೆರ್ವಿನ್ ಹಾಡು ಹಚ್ಚುತ್ತಾನೆ. ಆಲ್ವಿನ್ ಎದುರು ನಿಂತು ಕಹಳೆ ಎತ್ತಿ, ಉಗುಳು ಚೆಲ್ಲುವವನಂತೆ ಕೆನ್ನೆ ಉಬ್ಬಿಸುತ್ತಾನೆ. ಅಷ್ಟೇ. 'ನಿಲ್ಲೋ, ನಾನೂ ಬಂದೆ.' ಅರ್ಧ ನಗು, ಅರ್ಧ ಹಾಡು, ಬಾಗಿಲು ತಳ್ಳಿಕೊಂಡು ಬಂದ ಹಾಗೆ. ಹಿಂದೆಯೇ ಪಕ್ಕದ ಮನೆಯ ಹುಂಜ.

"ಹುಂಜ ತೆಗೀತೀಯಾ?"

"ಒಂದು ಬೆರಳಲ್ಲಿ ತೆಗೀಬಹುದು," ಎನ್ನುತ್ತಾನೆ ಕೆರ್ವಿನ್. ತೆಗೆಯುವುದಿಲ್ಲ. ಹಾಡಿನ ವಿವರದಲ್ಲಿ ಇಸ್ಮೇಯ ಹೆಸರು ಟೈಪು ಮಾಡಿ ಪರದೆ ತಿರುಗಿಸಿ ತೋರಿಸುತ್ತಾನೆ.

ಇಸ್ಮೇ ಅದನ್ನು ನಿಧಾನವಾಗಿ ಓದಿ, ಏಪ್ರನ್ ಕಟ್ಟಿಕೊಂಡು ಹೊರಡುತ್ತಾರೆ. ಮೇಜಿನ ಮುಂದೆ ಆಗಲೇ ಜನ ನಿಂತಿರುತ್ತಾರೆ. ಕಾರ್ನಿವಲ್ ಸೋಮವಾರ ಈ ಹಾಡು ಹಾಕಿಕೊಂಡ ಲಾರಿ ಆ ಮೇಜಿನ ಪಕ್ಕದ ತಿರುವಿನಲ್ಲೇ ಹೋಗುತ್ತದೆ. ಅವತ್ತು ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಹಿಟ್ಟು ನಾದುತ್ತಲೇ ಹೇಳುತ್ತಾರೆ:

"ಜನ ಮುಂಚೆ ನುಗ್ಗಲಿ. ನಾನು ಎರಡು ಬಡಿತ ತಾಳಿಕೊಂಡು, ಸರಿಯಾದ ಜಾಗದಲ್ಲೇ ಹಾಡ್ತೀನಿ. ಸರಿಯಾಗಿ ಹಾಡಿದ್ದಕ್ಕೇ ಯಾರಾದ್ರೂ 'ಟ್ಯಾಂಟಿ, ಈ ಹಾಡು ನಿಮಗೆ ಬರಲ್ಲ' ಅನ್ನಬೇಕು. ಅದೊಂದು ಕೇಳಬೇಕು ನನಗೆ."